ಹಲ್ಲಕ್ಕನ ಶನಿವಾರಗಳು

ಹಲ್ಲಕ್ಕ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಬಿಡಿ. ಅವಳು ಲ್ಯಾಬಿನಲ್ಲಿ ಕೂತು ಹಲ್ಲಿನ ಸೆಟ್ಟು ಮಾಡುವವಳು, ಅದಕ್ಕೇ ಆ ಹೆಸರು ಅಂಟಿಕೊಂಡಿತು. ಆ ಬೀದಿಯ ಮುದುಕರಲ್ಲಿ ಅರ್ಧಕ್ಕರ್ಧ ಜನ ನಗುವುದು ಅವಳು ಮಾಡಿಕೊಟ್ಟ ಹಲ್ಲಿನಿಂದ. ಇನ್ನರ್ಧ ಜನ ಅವಳನ್ನು ಕಂಡರೆ ನಗುವುದೇ ಇಲ್ಲ, ಅವಳ ನಾಲಿಗೆ ಹಾಗಿದೆ. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೆದಕಿದರೆ, ಪುರುಸೊತ್ತಾಗಲಿಲ್ಲ ಎನ್ನುತ್ತಾಳೆ. ಅದು ಪೂರ್ತಿ ಸುಳ್ಳೂ ಅಲ್ಲ. ಹಗಲೆಲ್ಲ ಮೇಣ, ಅಚ್ಚು, ಅರ, ಸಂಜೆಯಾದರೆ ಪಿಯಾನೋ.

ಶನಿವಾರ ಸಂಜೆ, ರೈಲ್ವೆ ಸ್ಟೇಷನ್ ಎದುರಿನ ಹೋಟೆಲಿನ ಊಟದ ಹಾಲಿನಲ್ಲಿ ಮೂರು ಜನ ಸೇರಿ ಜಾಝ್ ನುಡಿಸುತ್ತಿದ್ದರು. ಪಿಯಾನೋಗೆ ಹಲ್ಲಕ್ಕ. ಡ್ರಮ್ಸಿಗೆ ಅವಳ ತಮ್ಮ; ಅವನದು ಕ್ಷೌರದ ಅಂಗಡಿ. ಆಳೆತ್ತರದ ಬೇಸ್ ಪಿಟೀಲಿಗೆ ಅದಕ್ಕಿಂತಲೂ ಎತ್ತರದ ಒಬ್ಬ ಪೋಸ್ಟ್‌ಮ್ಯಾನ್. ಅವನನ್ನು ಎಲ್ಲರೂ ಕಂಬ ಎಂದೇ ಕರೆಯುವುದು. ಜಾಝ್ ಅಂದರೇನು ಮಹಾ ಎಂದು ಕೇಳುವವರಿಗೆ ಇಷ್ಟು ಹೇಳಬಹುದು: ಮೊದಲು ಮೂವರೂ ಸೇರಿ ಒಂದು ಧಾಟಿ ನುಡಿಸುತ್ತಾರೆ. ಆಮೇಲೆ ಸರದಿಯ ಮೇಲೆ ಒಬ್ಬೊಬ್ಬರೂ ಅದೇ ಧಾಟಿಯೊಳಗೆ ಮನಸ್ಸಿಗೆ ಬಂದ ದಾರಿ ಹಿಡಿದು ಅಲೆದಾಡುತ್ತಾರೆ. ಕೊನೆಗೆ ಎಲ್ಲರೂ ಮನೆಗೆ ವಾಪಸು. ಎಷ್ಟು ಅಲೆದರೂ ತಾಳ ಮಾತ್ರ ಜಾರುವಂತಿಲ್ಲ. ಆ ತಾಳ ತಮ್ಮನ ಕೈಯಲ್ಲಿ.

ಆ ತಮ್ಮನನ್ನೇ ಹಲ್ಲಕ್ಕ ಊಟಕ್ಕೆ ಬಂದವರ ಮುಂದೆ ಆಡಿಕೊಳ್ಳುತ್ತಿದ್ದಳು. ಇವನದು ನಿದ್ದೆಗಣ್ಣಿನ ಡ್ರಮ್ಮು, ಇವನ ಅಂಗಡಿಯಲ್ಲಿ ಗಡ್ಡ ಬೋಳಿಸಿಕೊಂಡು ಏಳುವಷ್ಟರಲ್ಲಿ ಮತ್ತೆ ಗಡ್ಡ ಬಂದಿರುತ್ತದೆ ಎಂದೆಲ್ಲ. ಜನ ಬಿದ್ದು ಬಿದ್ದು ನಗುತ್ತಿದ್ದರು, ತಮ್ಮನೂ ನಗುತ್ತಿದ್ದ. ಅವಳ ಎಡಗೈ ಬೆರಳುಗಳ ಗಂಟುಗಳು ಕೆಲವು ವರ್ಷಗಳಿಂದ ಬಿಗಿಯುತ್ತಿದ್ದವು. ಬೆಳಗ್ಗೆ ಎದ್ದರೆ ಮುಷ್ಟಿ ಮುಚ್ಚುತ್ತಿರಲಿಲ್ಲ. ಬಿಸಿನೀರಿನಲ್ಲಿ ಕೈ ಇಟ್ಟುಕೊಂಡು ಕೂರುತ್ತಿದ್ದಳು, ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಪಿಯಾನೋ ಮುಂದೆ ಕೂತರೆ ಎಲ್ಲ ಸರಿಹೋಗುತ್ತದೆ ಎಂದು ಅವಳು ನಂಬಿದ್ದಳು. ಶನಿವಾರ ಶನಿವಾರವೂ ಸರಿಯಾಗಿಯೇ ಕೇಳಿಸುತ್ತಿತ್ತಲ್ಲ.

ತಮ್ಮನ ಮಗಳು ಜಾಹೀರಾತಿನವರಿಗೆ ಲ್ಯಾಪ್‌ಟಾಪಿನಲ್ಲೇ ಸಂಗೀತ ಮಾಡಿಕೊಡುವ ಕೆಲಸದಲ್ಲಿದ್ದಳು. ಎರಡು ವರ್ಷದಿಂದ ಪ್ರತಿ ಶನಿವಾರ ಮೂವರ ಮುಂದೆಯೂ ಒಂದೊಂದು ಮೈಕು ಇಟ್ಟು, ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ರೆಕಾರ್ಡ್ ಮಾಡಿಕೊಳ್ಳುತ್ತಿದ್ದಳು. ಈಗ ಅವಳಿಗೊಂದು ಹುರುಪು ಬಂದಿತ್ತು. ಅಪ್ಪನ ಅಂಗಡಿಯ ಶಟರ್ ಏಳುವ ಸದ್ದು, ಅತ್ತೆಯ ಲ್ಯಾಬಿನಲ್ಲಿ ಹಲ್ಲು ಉಜ್ಜುವ ಮೋಟಾರಿನ ಸದ್ದು, ಇವನ್ನೆಲ್ಲ ಸಾಫ್ಟ್‌ವೇರಿಗೆ ಹಾಕಿ, ಎಳೆದು, ಸ್ವರಕ್ಕೆ ತಂದು, ಅದರ ಮೇಲೆ ಮೂವರೂ ನುಡಿಸುವ ಹಾಗೆ ಒಂದು ಧಾಟಿ ಕಟ್ಟಿದ್ದಳು. ಹಲ್ಲಕ್ಕನಿಗೆ ಕೇಳಿದ ಕೂಡಲೇ ಹಿಡಿಸಿತು. ತಿಂಗಳ ಕೊನೆಯ ಶನಿವಾರ ನುಡಿಸುವುದು ಎಂದಾಯಿತು. ಒಂದೇ ಒಂದು ಷರತ್ತು: ಲ್ಯಾಪ್‌ಟಾಪು ತನ್ನ ವೇಗದಲ್ಲೇ ಹೋಗುತ್ತದೆ, ಯಾರಿಗೂ ನಿಲ್ಲುವುದಿಲ್ಲ. ಹಾಗಾಗಿ ಮೂವರೂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಅದರೊಳಗಿನ ಟಿಕ್ ಟಿಕ್ ಕೇಳುತ್ತ ನುಡಿಸಬೇಕು.

ತಾಪತ್ರಯ ಶುರುವಾದದ್ದೇ ಅಲ್ಲಿ ನೋಡಿ. ತಮ್ಮನ ಅಂಗಡಿಯ ಕುರ್ಚಿಗಳನ್ನು ಗೋಡೆಗೆ ತಳ್ಳಿ, ಪಿಯಾನೋ ಬದಲು ಹಲ್ಲಕ್ಕನ ಮನೆಯ ಎಲೆಕ್ಟ್ರಿಕ್ ಕೀಬೋರ್ಡು ಇಟ್ಟು ಪ್ರಾಕ್ಟೀಸ್ ಮಾಡಿದರು. ಹಲ್ಲಕ್ಕನ ಸರದಿ ಬಂತೆಂದರೆ ಸಾಕು, ಎಲ್ಲ ಕಲಸುಮೇಲೋಗರ. ಲ್ಯಾಪ್‌ಟಾಪು ಮುಂದೆ, ಇವರು ಮೂವರೂ ಹಿಂದೆ. ಹಲ್ಲಕ್ಕ ಲ್ಯಾಪ್‌ಟಾಪಿಗೆ ಬೈದಳು. ಹುಡುಗಿ, ಸದ್ದು ಕಿವಿಗೆ ಬರುವುದರೊಳಗೇ ತಡವಾಗುತ್ತಿರಬೇಕು ಎಂದು ಏನೇನೋ ಸೆಟ್ಟಿಂಗ್ ಬದಲಾಯಿಸಿದಳು, ವೈರು ಬದಲಾಯಿಸಿದಳು. ಜಪ್ಪಯ್ಯ ಅಂದರೂ ಸರಿಹೋಗಲಿಲ್ಲ. ಕೊನೆಗೆ ತಮ್ಮ, ಕಿವಿ ತುರಿಸುತ್ತದೆ ಎಂದು ಇಯರ್‌ಫೋನ್ ಕಿತ್ತಿಟ್ಟ. ಕಂಬ ಸೂರು ನೋಡುತ್ತ ನಿಂತ. ಹಲ್ಲಕ್ಕ ತಮ್ಮನಿಗೇ ಚೆನ್ನಾಗಿ ಉಗಿದಳು: ನಿದ್ದೆ ಮಾಡಬೇಡ, ಇವಳು ಇಷ್ಟು ಕಷ್ಟಪಟ್ಟು ಮಾಡಿದ್ದನ್ನು ಹಾಳುಮಾಡಬೇಡ ಎಂದು.

ಮನೆಯಲ್ಲೇ ಕೂತು ಅಭ್ಯಾಸ ಮಾಡಲಿ ಎಂದು ಹುಡುಗಿ ತನ್ನ ಹಳೆಯ ಲ್ಯಾಪ್‌ಟಾಪನ್ನು ಅತ್ತೆಗೆ ಕೊಟ್ಟಳು. ಸಾಫ್ಟ್‌ವೇರ್ ಹೇಗೆ ತೆರೆಯುವುದು, ಯಾರ ಸದ್ದನ್ನು ಹೇಗೆ ಮುಚ್ಚುವುದು, ತಪ್ಪಾದರೆ ಹೇಗೆ ಹಿಂದಕ್ಕೆ ಬರುವುದು ಎಲ್ಲ ಹೇಳಿಕೊಟ್ಟಳು. ಭಾನುವಾರ ಬೆಳಗ್ಗೆ ಹಲ್ಲಕ್ಕ ಕನ್ನಡಕ ಏರಿಸಿ ಅಂಗಡಿಯ ಪ್ರಾಕ್ಟೀಸನ್ನು ತೆರೆದಳು. ತಮ್ಮ ಎಲ್ಲೆಲ್ಲಿ ತಡ ಮಾಡಿದ್ದಾನೆ ಎಂದು ಹಿಡಿದು ತೋರಿಸಬೇಕಿತ್ತು ಅವಳಿಗೆ.

ಪರದೆಯ ಮೇಲೆ ಮೂರು ಪಟ್ಟಿ: ಪಿಯಾನೋ, ಬೇಸು, ಡ್ರಮ್ಸು. ಮೇಲಿಂದ ಕೆಳಗೆ ಟಿಕ್ ಟಿಕ್ಕಿನ ಗೆರೆಗಳು. ಕಂಬನ ಸರದಿಯಲ್ಲಿ ಪಿಯಾನೋ ಸುಮ್ಮನಿರುತ್ತದೆ. ಅಲ್ಲಿ ತಮ್ಮನ ಒಂದೊಂದು ಪೆಟ್ಟೂ ಗೆರೆಯ ಮೇಲೆಯೇ ಇತ್ತು, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಹಲ್ಲಕ್ಕ ಮುಂದಕ್ಕೆ ಎಳೆದು ನೋಡಿದಳು. ಪಿಯಾನೋ ಶುರುವಾಯಿತು. ಅವಳ ಎಡಗೈ ಗೆರೆ ದಾಟಿದ ಮೇಲೆ ಬೀಳುತ್ತಿತ್ತು. ತಮ್ಮನ ಪೆಟ್ಟೂ ಗೆರೆ ಬಿಟ್ಟು ಜಾರಿ, ಅವಳ ಎಡಗೈ ಎಲ್ಲಿ ಬಿದ್ದಿತ್ತೋ ಅಲ್ಲಿಗೆ ಬಂದಿತ್ತು. ಕಂಬನ ಬೇಸೂ ಅಷ್ಟೇ. ಅವಳ ಸರದಿ ಮುಗಿದ ಕೂಡಲೇ ಇಬ್ಬರೂ ಮತ್ತೆ ಗೆರೆಗೆ ವಾಪಸು.

ಅವಳು ಹಳೆಯ ಶನಿವಾರಗಳನ್ನು ಒಂದೊಂದಾಗಿ ತೆರೆದಳು. ಅವುಗಳಲ್ಲಿ ಟಿಕ್ ಟಿಕ್ ಇರಲಿಲ್ಲ, ಆದರೆ ಅಳೆಯುವುದಕ್ಕೆ ಅದೇ ಬೇಕೆಂದೇನೂ ಇಲ್ಲವಲ್ಲ. ಅದೇ ಧಾಟಿಯ ಅದೇ ಸುತ್ತು ಕಂಬ ನುಡಿಸುವಾಗ ಪರದೆಯ ಮೇಲೆ ಗಿಡ್ಡ, ಅವಳು ನುಡಿಸುವಾಗ ಉದ್ದ, ಅಂದರೆ ಅಷ್ಟು ನಿಧಾನ. ಎರಡು ವರ್ಷದ ಹಿಂದೆ ಸ್ವಲ್ಪ ಉದ್ದ, ಈಚೆಗೆ ಬಹಳ. ಇಷ್ಟು ದಿನ ತನ್ನನ್ನು ಎತ್ತಿಕೊಂಡು ತಿರುಗಿದ್ದಾರೆ ಇವರು, ಕೆಳಗಿಳಿಸಿದ್ದೂ ಇಲ್ಲ, ಹೇಳಿದ್ದೂ ಇಲ್ಲ. ಅವಳಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ತನ್ನನ್ನು ಇವರು ಏನೆಂದುಕೊಂಡಿದ್ದಾರೆ?

ಹುಡುಗಿ ಒಂದು ಗುಂಡಿ ತೋರಿಸಿಕೊಟ್ಟಿದ್ದಳು. ಎಲೆಕ್ಟ್ರಿಕ್ ಕೀಬೋರ್ಡಿನಲ್ಲಿ ನುಡಿಸಿದ್ದನ್ನೆಲ್ಲ ಆರಿಸಿ ಅದನ್ನು ಒತ್ತಿದರೆ ತಡವಾದ ಸ್ವರಗಳೆಲ್ಲ ಎದ್ದು ಹೋಗಿ ಗೆರೆಯ ಮೇಲೆ ನಿಲ್ಲುತ್ತವೆ. ಹಲ್ಲಕ್ಕ ನುಡಿಸಿ, ಒತ್ತಿ ಕೇಳಿದಳು. ಒಂದೂ ತಪ್ಪಿರಲಿಲ್ಲ. ಆದರೆ ಅದು ಮನುಷ್ಯರು ನುಡಿಸಿದಂತಿರಲಿಲ್ಲ. ತೀರ ಸಾಲಾಗಿ ಕೂರಿಸಿದ ಹಲ್ಲಿನ ಸೆಟ್ಟು ಯಾರ ಬಾಯಿಗೂ ಒಪ್ಪುವುದಿಲ್ಲ ಎಂಬುದು ಅವಳಿಗೆ ಗೊತ್ತಿಲ್ಲದ್ದೇನಲ್ಲ, ಒಂದು ಕೋರೆಹಲ್ಲನ್ನಾದರೂ ಚೂರು ವಾರೆಯಾಗಿಡುವುದು ಅವಳ ಪದ್ಧತಿ. ತನ್ನ ತಡದಲ್ಲಿ ತನ್ನ ಬೆಡಗು ಎಷ್ಟು, ಬೆರಳಿನ ನೋವು ಎಷ್ಟು ಎಂದು ಆ ಗುಂಡಿಗೆ ತಿಳಿಯುವಂತಿರಲಿಲ್ಲ. ಅವಳಿಗೆ ತಿಳಿಯುತ್ತಿತ್ತು, ಸಂಕಟವಾದದ್ದೇ ಅದಕ್ಕೆ. ಹೆಚ್ಚಿನದು ನೋವೇ ಆಗಿತ್ತು.

ಮಾರನೇ ದಿನ ಅವಳು ನೆಟ್ಟಗೆ ತಮ್ಮನ ಅಂಗಡಿಗೆ ನುಗ್ಗಿದಳು. ಅವನು ಒಬ್ಬರ ಮುಖಕ್ಕೆಲ್ಲ ನೊರೆ ಹಚ್ಚಿ ಕತ್ತಿ ಹಿಡಿದು ನಿಂತಿದ್ದ.

"ಯಾವಾಗಿಂದ ಕಾಯ್ತಿದೀಯ ನನಗೆ?" ಎಂದು ಕೇಳಿದಳು.

ತಮ್ಮ ಎಲ್ಲಿ, ಯಾತಕ್ಕೆ ಎಂದು ಕೇಳಲಿಲ್ಲ. ಅವನಿಗೆ ತಕ್ಷಣ ಗೊತ್ತಾಯಿತು. ಕತ್ತಿ ಒರೆಸಿ ಕೆಳಗಿಟ್ಟ.

"ನೀನು ಬಿಸಿನೀರಲ್ಲಿ ಕೈ ಇಟ್ಕೊಂಡು ಕೂತಿದ್ದು ನೋಡಿದೆ ಅಕ್ಕಾ. ಆವತ್ತಿಂದ."

"ನಾನು ಜನರ ಮುಂದೆ ನಿನ್ನನ್ನು ಅಷ್ಟೊಂದು ಆಡ್ಕೊಂಡೆನಲ್ಲೋ. ಆಗಲಾದ್ರೂ ಬಾಯಿ ಬಿಡಬಾರದಿತ್ತಾ?"

"ಬಿಟ್ಟಿದ್ರೆ ನೀನು ಮಾರನೇ ದಿನಾನೇ ಪಿಯಾನೋ ಮುಚ್ಚಿಬಿಡ್ತಿದ್ದೆ."

ಅದು ನಿಜ. ನೊರೆಯವರು ಮುಖದ ನೊರೆ ಒಣಗುತ್ತಿದೆ ಎಂದು ಮೆಲ್ಲಗೆ ನೆನಪಿಸಿದರು. ಅವಳು ಬಾಗಿಲ ಹತ್ತಿರ ಹೋಗಿ ತಿರುಗಿ, ಬರುವ ಶನಿವಾರ ಯಾರೂ ತನಗೆ ಕಾಯಕೂಡದು, ಕಾದರೆ ಅಲ್ಲೇ ಎದ್ದು ಹೋಗುತ್ತೇನೆ, ಕಂಬನಿಗೂ ಹೇಳಿಬಿಡು ಎಂದಳು.

ಆ ವಾರವೆಲ್ಲ ಅವಳು ಮಾಡಿದ ಕೆಲಸ ಒಂದೇ. ಲ್ಯಾಬಿನಿಂದ ಬಂದವಳೇ ಲ್ಯಾಪ್‌ಟಾಪಿನ ಮುಂದೆ ಕೂತು, ಬಲಗೈಯಲ್ಲಿ ಮೌಸ್ ಹಿಡಿದು, ತನ್ನ ಎಡಗೈಯ ಸ್ವರಗಳನ್ನು ಅಳಿಸುವುದು. ಒಂದು ಅಳಿಸಿ ನುಡಿಸಿ ನೋಡುವಳು, ಇನ್ನೊಂದು ಅಳಿಸುವಳು. ಎಷ್ಟು ಉಳಿದರೆ ತನ್ನ ಬೆರಳು ಗೆರೆಗೆ ಸರಿಯಾಗಿ ಹೋಗಿ ಮುಟ್ಟೀತು ಎಂಬುದೇ ಅವಳ ಲೆಕ್ಕ. ಇಷ್ಟು ವರ್ಷ ಕೈತುಂಬ ನುಡಿಸುತ್ತಿದ್ದವಳಿಗೆ ಅಳಿಸುವುದು ಸುಲಭವಿರಲಿಲ್ಲ. ಆದರೆ ಉಳಿದದ್ದು ಕೆಟ್ಟದಾಗಿರಲಿಲ್ಲ. ನಡುನಡುವೆ ಖಾಲಿ ಜಾಗ ಬಿದ್ದು, ಮೋಟಾರಿನ ಸದ್ದು ಅದರೊಳಗಿಂದ ಕೇಳಿಸುತ್ತಿತ್ತು. ಹುಡುಗಿ ಕೇಳಿ ಕುಣಿದಾಡಿದಳು. ಇದು ತನ್ನದಕ್ಕಿಂತ ಚೆನ್ನಾಗಿದೆ, ಅತ್ತೆ ಇನ್ನು ಮೇಲೆ ಧಾಟಿಗಳನ್ನೂ ಕಟ್ಟಬೇಕು ಎಂದಳು. ಹಲ್ಲಕ್ಕ ಹೂಂ ಅಂದಳು. ಅವಳಿಗೆ ಬೇಕಿದ್ದದ್ದು ಕಟ್ಟುವುದಲ್ಲ, ಶನಿವಾರ ಆ ಸ್ಟೂಲಿನ ಮೇಲೆ ಕೂರುವುದು.

ಶನಿವಾರ ಬಂತು. ಹಾಲು ತುಂಬಿತ್ತು. ಹುಡುಗಿ ಲ್ಯಾಪ್‌ಟಾಪ್ ಶುರುಮಾಡಿದಳು, ಟಿಕ್ ಟಿಕ್ ಕಿವಿಯೊಳಗೆ ಬಂತು. ಹಲ್ಲಕ್ಕ ಮೊದಲ ಸುತ್ತನ್ನು ಗೆರೆ ಬಿಡದೆ ನುಡಿಸಿದಳು. ತನ್ನ ಸರದಿಯನ್ನೂ ಅರ್ಧದಷ್ಟು ಸರಿಯಾಗಿಯೇ ದಾಟಿದಳು. ನೋಡಿದಿರಾ, ನನಗೆ ಯಾರ ಹಂಗೂ ಬೇಡ ಎಂದು ಒಳಗೊಳಗೇ ಹಿಗ್ಗಿದಳು. ಅಷ್ಟರಲ್ಲಿ ಎಡಗೈಯ ಎರಡು ಬೆರಳು ಕೊಕ್ಕೆ ಹಾಕಿದ ಹಾಗೆ ಬಿಗಿದು ನಿಂತವು. ಅವಳು ಕೈ ಎತ್ತಿದಳು.

ತಮ್ಮ ಕತ್ತು ತಿರುಗಿಸಿ ನೋಡಿದ. ಅವನ ಕೈ ಅವಳಿಗಾಗಿ ನಿಧಾನವಾಗುವುದರಲ್ಲಿತ್ತು. ಅವಳು ಕಣ್ಣು ಕೆಕ್ಕರಿಸಿ ನೋಡಿದಳು. ಅವನು ಮುಖ ಆಚೆ ತಿರುಗಿಸಿಕೊಂಡು ಬಾರಿಸತೊಡಗಿದ.

ಆಗ ಹಲ್ಲಕ್ಕನಿಗೆ ಅವನು ಕೇಳಿಸಿದ. ಕಡ್ಡಿಗಳು ಡ್ರಮ್ಸಿನ ಕಂಚಿನ ತಟ್ಟೆಯ ಮೇಲೆ ಹಗುರವಾಗಿ ಓಡುತ್ತಿದ್ದವು, ಗೆರೆಗೆ ಚೂರು ಮುಂಚೆಯೇ ಹಾರಿ, ಅಲ್ಲಿ ಆಟವಾಡಿ, ಮತ್ತೆ ಗೆರೆಗೇ ಬಂದು ಇಳಿಯುತ್ತಿದ್ದವು. ಕಂಬ ಹಲ್ಲು ಕಿರಿದು ಅವನ ಹಿಂದೆ ಓಡುತ್ತಿದ್ದ. ಊಟ ಮಾಡುತ್ತಿದ್ದವರು ಚಮಚ ಕೆಳಗಿಟ್ಟರು. ಅವಳ ಬೆರಳು ಆಗಲೇ ಸಡಿಲವಾಗಿತ್ತು, ಬೇಕೆಂದರೆ ಸೇರಿಕೊಳ್ಳಬಹುದಿತ್ತು. ಅವಳು ಸೇರಿಕೊಳ್ಳಲಿಲ್ಲ. ಕೈ ಎರಡೂ ತೊಡೆಯ ಮೇಲೆ ಇಟ್ಟುಕೊಂಡು ಕೂತಳು. ಇವನು ಇಷ್ಟು ಚೆನ್ನಾಗಿ ಬಾರಿಸುತ್ತಾನೆಯೇ? ಹೊಟ್ಟೆಕಿಚ್ಚಾಯಿತು, ಹೆಮ್ಮೆಯಾಯಿತು, ಇದನ್ನೆಲ್ಲ ಇವನು ಎಷ್ಟು ಶನಿವಾರ ತನಗಾಗಿ ನುಂಗಿಕೊಂಡಿದ್ದ ಎಂದು ನೆನೆದಾಗ ಸಂಕಟವಾಯಿತು. ಕೊನೆಯ ಸುತ್ತಿಗೆ ಮಾತ್ರ ಅಳಿಸದೆ ಉಳಿಸಿದ್ದ ಸ್ವರಗಳನ್ನು ನುಡಿಸಿ ಮುಗಿಸಿದಳು.

ಎಲ್ಲ ಮುಗಿದ ಮೇಲೆ ಅಡುಗೆಮನೆಯ ಹಿಂದಿನ ಓಣಿಯಲ್ಲಿ ತಮ್ಮ ಡ್ರಮ್ಸನ್ನು ಪೆಟ್ಟಿಗೆಗೆ ತುಂಬುತ್ತಿದ್ದ.

"ಮಧ್ಯದಲ್ಲಿ ನಿಲ್ಲಿಸಿಬಿಟ್ಟೆಯಲ್ಲ, ತುಂಬ ನೋವಾಯ್ತಾ?" ಎಂದು ಕೇಳಿದ.

"ನೋವಿಗೆ ನಿಲ್ಲಿಸಿದ್ದು ಒಂದು ಗಳಿಗೆ. ಆಮೇಲೆ ನಾನೇ ಸುಮ್ಮನೆ ಕೂತೆ." ಹಲ್ಲಕ್ಕ ಒಂದು ಉಸಿರು ಬಿಟ್ಟಳು. "ಮುಂದಿನ ವಾರದಿಂದ ನಾನು ನುಡಿಸಲ್ಲ. ನೀನು, ಕಂಬ, ನಿನ್ನ ಮಗಳ ಲ್ಯಾಪ್‌ಟಾಪು. ಧಾಟಿ ನಾನು ಮನೇಲಿ ಕೂತು ಮಾಡ್ಕೊಡ್ತೀನಿ. ಆ ಕೆಲಸ ನನಗೆ ಎಷ್ಟು ಹೊತ್ತು ಬೇಕಾದ್ರೂ ಕಾಯುತ್ತೆ."

"ನಾನೂ ಕಾಯ್ತೀನಿ ಅಕ್ಕಾ. ನನಗೇನೂ ಕಷ್ಟ ಇಲ್ಲ, ಆಣೆ ಮಾಡಿ ಹೇಳ್ತೀನಿ."

"ನನಗೆ ಕಷ್ಟ ಆಗುತ್ತೆ ಕಣೋ. ನೀನು ಬಾರಿಸೋದನ್ನ ಕೇಳಿಬಿಟ್ಟೆನಲ್ಲ."

ತಮ್ಮ ಅಲ್ಲೇ ಪೆಟ್ಟಿಗೆಯ ಮೇಲೆ ಕೂತು ಅತ್ತುಬಿಟ್ಟ. ಹಲ್ಲಕ್ಕನಿಗೂ ಅಳು ತಡೆಯಲಿಲ್ಲ. ಅವನ ಪಕ್ಕದಲ್ಲಿ ಜಾಗ ಮಾಡಿಕೊಂಡು ಕೂತಳು.