ಅಳೆಯದೆ ಆಡಿದ ಮಾತು

ಕಡಲಾಚೆಯ ವುಡ್‌ಬ್ರಿಡ್ಜ್‌ನ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಚನ್ನವೀರಪ್ಪನವರು ಮೂವತ್ತು ವರ್ಷ ಅಳತೆ ತಪಾಸಣೆಯ ಇನ್‌ಸ್ಪೆಕ್ಟರಾಗಿದ್ದವರು. ಅಳೆಯದೆ ಒಂದು ಬೋಲ್ಟಿಗೂ ಸಹಿ ಹಾಕಿದವರಲ್ಲ. ಅದನ್ನು ದಿನಕ್ಕೆರಡು ಸಲ ಹೇಳದೆ ಬಿಟ್ಟವರೂ ಅಲ್ಲ. ಕನ್ನಡ ಕೂಟದಲ್ಲಿ ಅವರು ಬಾಯಿ ತೆರೆದರೆ ಜನ ಊಟದ ತಟ್ಟೆ ಹಿಡಿದು ಜಾಗ ಬದಲಿಸುತ್ತಿದ್ದರು. ಮಗಳು ತನ್ವಿ ಮಾತ್ರ ಆ ಮಾತನ್ನು ಸಣ್ಣವಳಿದ್ದಾಗಿನಿಂದ ನಂಬಿಕೊಂಡು ಬಂದಿದ್ದಳು.

ಅದೇ ಕಾರ್ಖಾನೆಯ ಗೆಳೆಯ ಜೀನೋ ಸಾಯುವ ಮುಂಚೆ ತನ್ನ ಅಜ್ಜನ ಕಾಲದ ಜೋಡುನಳಿಗೆ ಬಂದೂಕನ್ನು ಇವರ ಹೆಸರಿಗೆ ಬರೆದಿಟ್ಟ. ಇಬ್ಬರೂ ಎಷ್ಟೋ ಭಾನುವಾರ ಶೂಟಿಂಗ್ ಕ್ಲಬ್ಬಿಗೆ ಹೋಗಿ ಗಾಳಿಗೆ ಹಾರಿಸುವ ಮಣ್ಣಿನ ಬಿಲ್ಲೆಗಳಿಗೆ ಗುರಿಯಿಟ್ಟವರು, ಲೈಸೆನ್ಸೂ ಇತ್ತು. ಆಯುಧಪೂಜೆಗೆ ಚನ್ನವೀರಪ್ಪನವರು ಬಂದೂಕಿಗೆ ವಿಭೂತಿ ಹಚ್ಚಿ, ಪಕ್ಕದಲ್ಲಿ ತಮ್ಮ ವರ್ನಿಯರ್, ಮೈಕ್ರೋಮೀಟರ್ ಎಲ್ಲ ಸಾಲಾಗಿಟ್ಟು ಹೂವು ಏರಿಸಿದರು. ಹೊಸದಾಗಿ ತಂದ ತೋಟಾ ಈ ಹಳೇ ಬಂದೂಕಿಗೆ ಹೊಂದುತ್ತದೋ ಇಲ್ಲವೋ ಅಳೆದಿಲ್ಲವೆಂದು ಆಮೇಲೆ ನೆನಪಾಯಿತು. ಪೂಜೆಗಿಟ್ಟ ವರ್ನಿಯರನ್ನು ಅವತ್ತು ಕೆಲಸಕ್ಕೆ ಹಚ್ಚುವಂತಿಲ್ಲ. ಹಾಗೆ ನೋಡಿದರೆ ಬಂದೂಕನ್ನೂ ಮುಟ್ಟುವಂತಿಲ್ಲ, ಆದರೆ ಆಸೆ ಕೇಳಬೇಕಲ್ಲ! ಬಂದೂಕನ್ನು ನಡುವೆ ಮಡಚಿ ತೆರೆದು ಒಂದು ತೋಟಾ ಒಳಗೆ ಬಿಟ್ಟರು. ಸಲೀಸಾಗಿ ಕೂತಿತು, ಸಾಕೆಂದು ತೆಗೆದಿಟ್ಟರು.

ಮರುದಿನ ಮೊದಲ ಗುಂಡು ಮಗಳೇ ಹಾರಿಸಲಿ ಎಂದು ಕ್ಲಬ್ಬಿಗೆ ಕರೆದೊಯ್ದರು. ಅಲ್ಲಿನ ಮೇಲ್ವಿಚಾರಕಿ ಮಾರ್ಗರೇಟ್, ಎಪ್ಪತ್ತು ದಾಟಿದ ಹೆಂಗಸು, ಬಂದೂಕು ನೋಡಿ ತಡೆದಳು. ಇಂಥ ಹಳೆಯವುಗಳಲ್ಲಿ ತೋಟಾ ಕೂರುವ ಗೂಡು ಗಿಡ್ಡ ಇರಬಹುದು. ಈಗಿನ ತೋಟಾದ ಬಾಯಿ ಮಡಚಿರುವುದರಿಂದ ಒಳಗೇನೋ ಹೋಗುತ್ತದೆ, ಹಾರಿಸಿದಾಗ ಮಡಿಕೆ ಬಿಚ್ಚಿ ಉದ್ದವಾಗುತ್ತದೆ, ಆ ಒತ್ತಡಕ್ಕೆ ನಳಿಗೆ ಸೀಳಿದರೂ ಸೀಳೀತು ಎಂದಳು. ಅಳೆದಿದ್ದೀರಾ ಎಂದು ಕೇಳಿದಳು.

ಸುತ್ತ ನಾಲ್ಕು ಜನ ನಿಂತಿದ್ದರು. ಅಳೆದಿದ್ದೇನೆ ಎಂದುಬಿಟ್ಟರು ಚನ್ನವೀರಪ್ಪನವರು. ಅಪ್ಪ ಅಳೆದಿದ್ದಾರೆಂದರೆ ಮುಗಿಯಿತು ಎಂದು ತನ್ವಿ ನಕ್ಕು ಇಂಗ್ಲಿಷಿನಲ್ಲಿ ಹೇಳಿ, ತೋಟಾ ತುಂಬಿ, ಬಂದೂಕನ್ನು ಭುಜಕ್ಕೆ ಏರಿಸಿ ಕೆನ್ನೆ ಒತ್ತಿದಳು. ಆ ಕೆನ್ನೆಯಿಂದ ಗೇಣು ದೂರದಲ್ಲಿತ್ತು ತೋಟಾ. ಥೂ, ಮಗಳ ಮುಖಕ್ಕಿಂತ ತನ್ನ ಮುಖ ಉಳಿಸಿಕೊಳ್ಳುವುದೇ ಹೆಚ್ಚಾಯಿತೇ ಎಂದುಕೊಂಡು ಅವರು ಒಂದು ಹೆಜ್ಜೆ ಮುಂದಿಟ್ಟರು.

"ತನ್ವಿ, ಬ್ಯಾಡವ್ವಾ. ಇಳಸು ಅದನ್ನ. ನಾ ಅಳದಿಲ್ಲ."

ಅವಳು ಬಂದೂಕು ತೆರೆದು ತೋಟಾ ತೆಗೆದು ಮೇಜಿನ ಮೇಲಿಟ್ಟಳು. ಮಾರ್ಗರೇಟ್ ಅಳತೆಕಡ್ಡಿ ಇಳಿಸಿದಳು. ಗೂಡು ಆ ತೋಟಾಕ್ಕೆ ಬೇಕಾದ್ದಕ್ಕಿಂತ ಐದು ಮಿಲಿಮೀಟರ್ ಗಿಡ್ಡ ಇತ್ತು. ಅವಳು ಬೈಯಲಿಲ್ಲ. ಬಂದೂಕು ತಜ್ಞನಿಗೆ ತೋರಿಸದೆ ಒಂದೂ ಗುಂಡು ಹಾರಿಸಬೇಡಿ, ಅವನು ಹೇಳಿದ ತೋಟಾ ಬಿಟ್ಟು ಬೇರೆ ಹಾಕಬೇಡಿ ಎಂದಷ್ಟೇ ಹೇಳಿದಳು. ಚನ್ನವೀರಪ್ಪನವರಿಗೆ ತಲೆ ಎತ್ತಲಾಗಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ವಾಪಸು ಬರುವಾಗ ಕಾರು ತನ್ವಿ ಓಡಿಸಿದಳು. ಹೈವೇ ಹತ್ತಿದ ಮೇಲೆ ಕೇಳಿದಳು.

"ಅಪ್ಪಾ, ಫ್ಯಾಕ್ಟರಿಯಾಗ... ಹಿಂಗ ಅಳೀದ ಎಷ್ಟಕ್ಕ ಸೈನ್ ಮಾಡಿದಿ?"

"ಒಂದಕ್ಕೂ ಇಲ್ಲವ್ವಾ," ಎಂದರು. ಅದು ಸತ್ಯವೇ ಆಗಿತ್ತು. ಆದರೆ ಮಾರ್ಗರೇಟ್‌ಗೆ ಅಳೆದಿದ್ದೇನೆ ಎಂದಾಗಲೂ ತಮ್ಮ ದನಿ ಇಷ್ಟೇ ಗಟ್ಟಿಯಾಗಿತ್ತೆಂದು ಅವರಿಗೇ ಕೇಳಿಸಿತು.

ತನ್ವಿ ರಸ್ತೆಯಿಂದ ಕಣ್ಣು ತೆಗೆಯದೆ, "ಓಕೆ," ಎಂದಳು.