ಕೋಶಕ್ಕೆ ಸಣ್ಣಗೆ ಬಿಟ್ಟ ನೀರು

ಜಗತ್ತಿನಲ್ಲಿ ಯಾವುದೂ ನಿಂತಲ್ಲಿ ನಿಲ್ಲುವುದಿಲ್ಲ, ಸಕಲವೂ ಹರಿಯುತ್ತಿರುತ್ತದೆ. ಹೀಗೆಂದವರು ಸಂಜೆ ಹೊತ್ತು ಕೃಷ್ಣರಾಜಪುರದ ತೂಗುಸೇತುವೆಯ ಮೇಲೆ ಬಸ್ಸಿನಲ್ಲಿ ಕೂತವರಲ್ಲ.

ಆ ಸೇತುವೆ ಇನ್ನೂ ಹೊಸದಾಗಿದ್ದ ಕಾಲದಲ್ಲಿ ನಾನು ಇಂದಿರಾನಗರದ ಪುಟ್ಟ ಪ್ರಯೋಗಾಲಯವೊಂದರಲ್ಲಿದ್ದೆ. ಕ್ಯಾನ್ಸರ್ ಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿ, ಹಸಿರಾಗಿ ಹೊಳೆಯುವ ಬಣ್ಣ ಕಟ್ಟಿದ ಮದ್ದು ಹಾಕಿ, ಎಷ್ಟು ಒಳಗೆ ಹೋಯಿತೆಂದು ನೋಡುವುದು ನಮ್ಮ ಕಸುಬು. ಜೊತೆಗಿದ್ದ ಕಲಬುರಗಿಯ ಸಂಶೋಧಕಿಗೆ ಒಂದು ತಕರಾರಿತ್ತು. ಮೈಯಲ್ಲಿ ರಕ್ತ ಹರಿಯುತ್ತದೆ, ತಟ್ಟೆಯಲ್ಲಿ ನೀರು ನಿಂತಿರುತ್ತದೆ. ಹರಿವು ಸವರಿಕೊಂಡು ಹೋದರೆ ಕೋಶ ಮದ್ದನ್ನು ಬೇರೆ ರೀತಿ ಒಳಗೆ ಸೇರಿಸಿಕೊಳ್ಳಬಹುದು. ಮುಖ್ಯಸ್ಥರು ಅಪ್ಪಣೆ ಕೊಡಿಸಿದರು: ಸೋಮವಾರದೊಳಗೆ ವ್ಯತ್ಯಾಸ ತೋರಿಸಬೇಕು, ಇಲ್ಲವೇ ಆಕೆ ಪಿಎಚ್‌.ಡಿ.ಗೆ ಬೇರೆ ವಿಷಯ ಹುಡುಕಿಕೊಳ್ಳಬೇಕು.

ಆಕೆಯ ಬಾಡಿಗೆ ಕೋಣೆಯಲ್ಲಿ ನಲ್ಲಿ ನೀರು ದಿನ ಬಿಟ್ಟು ದಿನ ಬರುತ್ತಿತ್ತು. ಬಂದಾಗ ಪೂರ್ತಿ ತಿರುಗಿಸಿ ಬಿಂದಿಗೆ ಒಡ್ಡುವುದು ಅಲ್ಲಿನ ಧರ್ಮ. ಅದೇ ಧರ್ಮಕ್ಕೆ ನಿಷ್ಠಳಾಗಿ, ಕೋಶಗಳ ಮೇಲೆ ಮದ್ದಿನ ನೀರು ಹರಿಸಲು ತಟ್ಟೆಗೆ ಜೋಡಿಸಿದ ಪಂಪಿನ ತಿರುಪನ್ನೂ ಪೂರ್ತಿ ತಿರುಗಿಸಿಬಿಟ್ಟಳು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ತಟ್ಟೆ ಬೋಳು. ಕೋಶಗಳೆಲ್ಲ ಕೊಚ್ಚಿಹೋಗಿದ್ದವು.

“ಕ್ಯಾನ್ಸರ್ ವಾಸಿ ಆಯ್ತಲ್ರೀ,” ಎಂದೆ.

“ನಗಬ್ಯಾಡ್ರಿ ಸರ. ಸೋಮವಾರ ನಂದೇ ತಿಥಿ ಅದ.”

“ಕಾರ್ಪೊರೇಶನ್ ನೀರು ಹಿಡ್ದಂಗೆ ಹಿಡಿದ್ರೆ ಇನ್ನೇನಾಗುತ್ತೆ? ರಕ್ತ ದಿನಾ ಬರುತ್ತೆ ಕಣ್ರೀ. ಆತುರ ಯಾಕೆ?”

ಆಕೆ ಬೋಳು ತಟ್ಟೆಯನ್ನು ಪಕ್ಕಕ್ಕಿಟ್ಟಳು. “ಹಂಗಾದ್ರ ಸಣ್ಣಗ ಬಿಡ್ತೀನ್ರಿ.”

ನಮ್ಮ ಪಂಪಿಗೆ ಸಣ್ಣಗೆ ಎಂಬುದೇ ಗೊತ್ತಿರಲಿಲ್ಲ. ಶಿವಾಜಿನಗರದ ಮೆಡಿಕಲ್ ಅಂಗಡಿಗೆ ಹೋಗಿ, ಗ್ಲೂಕೋಸ್ ಏರಿಸುವ ಡ್ರಿಪ್ ನಳಿಕೆ ಕೇಳಿದೆವು.

“ಪೇಷಂಟ್ ಹೆಂಗವ್ರೆ ಮೇಡಂ?” ಎಂದು ಅಂಗಡಿಯವರು ವಿಚಾರಿಸಿದರು.

“ಸೋಮವಾರ ಗೊತ್ತಾಗ್ತದ್ರಿ,” ಎಂದಳು.

ಕಿಟಕಿಯ ಸರಳಿಗೆ ಬಾಟಲಿ ತೂಗುಹಾಕಿ, ಹೊಸ ಕೋಶಗಳ ಮೇಲೆ ಮದ್ದಿನ ನೀರನ್ನು ಎಳೆಯಾಗಿ ಹರಿಯಬಿಟ್ಟಳು. ಪಕ್ಕದಲ್ಲಿ ಅದೇ ಮದ್ದಿನ ನಿಂತ ನೀರಿನ ತಟ್ಟೆ. ಹೋಗಿಬರುವವರೆಲ್ಲ ಆಸ್ಪತ್ರೆಯಲ್ಲಿ ಮಾಡುವಂತೆ ದನಿ ತಗ್ಗಿಸಿ ಮಾತಾಡಿದರು.

ಸೋಮವಾರ ಮುಖ್ಯಸ್ಥರು ನೋಡಿದರು. ನಿಂತ ನೀರಿನ ಕೋಶಗಳಲ್ಲಿ ಮದ್ದಿನ ಹಸಿರು ಮಂಕಾಗಿತ್ತು, ಹರಿವಿನಲ್ಲಿದ್ದವು ಹೊಳೆಯುತ್ತಿದ್ದವು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

“ಇನ್ನೊಂದ್ಸಲ ಮಾಡಿ ತೋರ್ಸಮ್ಮ,” ಎಂದರು. ಅವರ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆಯನ್ನು ನಾವು ಕೇಳಿರಲಿಲ್ಲ.

ಮತ್ತೆ ಮಾಡಿದಾಗಲೂ ಸಣ್ಣ ಹರಿವಿನಲ್ಲಿದ್ದ ಕೋಶಗಳೊಳಗೇ ಮದ್ದು ಹೆಚ್ಚು ಸೇರಿತ್ತು. ಆಕೆಯ ವಿಷಯ ಬದಲಾಗಲಿಲ್ಲ.