ಪೈಲಟ್ ಬಾಗಿಸಿದ ದಾರಿ

ಟ್ಯಾಕ್ಸಿ ಓಡಿಸುತ್ತಲೇ ತಲೆ ಬೋಳಾದ ಆತನನ್ನು ಸ್ಟ್ಯಾಂಡಿನವರೆಲ್ಲ ಕರೆಯುತ್ತಿದ್ದದ್ದು ‘ಒಳದಾರಿ ಅಣ್ಣ’ ಎಂದು. ದೊಡ್ಡ ರಸ್ತೆಯಲ್ಲಿ ಗಾಡಿಗಳು ಒಂದಕ್ಕೊಂದು ಮೂಗು ತಾಗಿಸಿ ನಿಂತಿದ್ದರೆ, ಅಣ್ಣ ಬೇಕರಿ ಪಕ್ಕದ ಸಂದಿಗೆ ನುಗ್ಗಿ, ಯಾರದೋ ಒಣಹಾಕಿದ ಬಟ್ಟೆಗಳ ಅಡಿಯಿಂದ ನುಸುಳಿ ಆಚೆ ಬಂದಿರುತ್ತಿದ್ದ. ಕೂತವರನ್ನು ಸುತ್ತು ಹೊಡೆಸುವುದೆಂದರೆ ಅವನ ಲೆಕ್ಕದಲ್ಲಿ ಕಳ್ಳತನ.

ಅಂಥವನು ಹೆಂಡತಿಯ ಜೊತೆ ಮೊದಲ ಸಲ ವಿಮಾನ ಹತ್ತಿದ್ದ. ಒಂಬತ್ತು ಗಂಟೆಯ ಹಾರಾಟ. ಇಳಿಯುವ ಊರಿನಲ್ಲಿ ಮಗಳಿಗೆ ಅದೇ ಸಂಜೆ ಹೆರಿಗೆಯ ಆಪರೇಷನ್. ಹಿಂದಿನ ದಿನದ ವಿಮಾನ ರದ್ದಾಗಿತ್ತು. “ನಿನ್ನ ಮುಖ ನೋಡ್ದೆ ನಾನು ಒಳಗೆ ಹೋಗಲ್ಲಪ್ಪಾ” ಎಂದು ಅವಳು ಫೋನಿನಲ್ಲಿ ಅತ್ತಿದ್ದಳು. ಬಂದೇ ಬರುತ್ತೇನೆಂದು ಅಪ್ಪ ಮಾತು ಕೊಟ್ಟಾಗಿತ್ತು.

ಎದುರು ಸೀಟಿನ ಬೆನ್ನಿನ ಪರದೆಯಲ್ಲಿ ನಕ್ಷೆ ಮೂಡಿತು: ಎರಡು ಊರು, ನಡುವೆ ಒಂದು ಗೆರೆ. ಗೆರೆ ನೆಟ್ಟಗಿರಲಿಲ್ಲ, ಬಿಲ್ಲಿನ ಹಾಗೆ ಮೇಲಕ್ಕೆ ಬಾಗಿತ್ತು. ಅಣ್ಣ ಹೆಂಡತಿಯ ತೋಳು ತಿವಿದ.

“ಲೇ, ನೋಡೇ ಇಲ್ಲಿ! ಊರಿರೋದು ಎದುರಿಗೆ, ಈ ಮಹರಾಯ ನಮ್ಮನ್ನ ಹಿಮದ ಕಡೆ ಹತ್ತಿಸ್ತಿದ್ದಾನೆ!”

“ಮೆತ್ತಗೆ ಮಾತಾಡಿ. ಅವರಿಗೆ ದಾರಿ ಗೊತ್ತಿರಲ್ವಾ?”

“ಹೊಸಬ್ರು ಸಿಕ್ಕಿದ್ರೆ ಸುತ್ತಾಡಿಸ್ತಾರೆ. ನನಗೆ ಗೊತ್ತಿಲ್ದಿರೋ ಆಟಾನಾ ಇದು?” ಗುಂಡಿ ಒತ್ತಿ ಗಗನಸಖಿಯನ್ನು ಕರೆದೇಬಿಟ್ಟ. “ನೋಡಮ್ಮಾ, ನಿಮ್ಮ ಡ್ರೈವರ್ ಸಾಹೇಬ್ರಿಗೆ ಹೇಳು, ನಮಗೆ ಅರ್ಜೆಂಟಿದೆ, ನೆಟ್ಟಗೆ ಬಿಡ್ಲಿ.”

ಆಕೆ ತುಟಿ ಕಚ್ಚಿ ನಗು ತಡೆದಳು. “ಇದೇ ಹತ್ತಿರದ ದಾರಿ ಸರ್. ಭೂಮಿ ಗುಂಡಗಿದೆಯಲ್ಲಾ…”

“ಗುಂಡಗಿದ್ರೆ ಇರ್ಲಿ. ನಾವೇನು ಉರುಳ್ಕೊಂಡು ಹೋಗ್ತಿದ್ದೀವಾ?”

ಹಿಂದಿನ ಸಾಲಿನವರು ಕಿಸಕ್ಕೆಂದರು. ಹೆಂಡತಿ ಹೆಣೆಯುತ್ತಿದ್ದ ಪುಟಾಣಿ ಟೊಪ್ಪಿಗೆಯನ್ನು ಪಕ್ಕಕ್ಕಿಟ್ಟು ಉಂಡೆಯಿಂದ ಉಣ್ಣೆದಾರ ಎಳೆದಳು.

“ಅಲ್ಲಾಡ್ಬೇಡಿ. ಈ ಕಿವಿಗಿಂತ ನಾಲ್ಕು ಬೆರಳು ಮೇಲೆ ನಮ್ಮೂರು. ಆ ಕಿವಿಗಿಂತ ಅಷ್ಟೇ ಮೇಲೆ ಮಗಳ ಊರು.” ದಾರವನ್ನು ಹಣೆಯ ಮೇಲಿಂದ ಸುತ್ತಿಸಿ ಅಳೆದಳು. ಆಮೇಲೆ ಅದೇ ದಾರವನ್ನು ಬೋಳು ನೆತ್ತಿಯ ಮೇಲಿಂದ ಬಿಗಿಯಾಗಿ ಎಳೆದಳು. ಬೆರಳುದ್ದ ಮಿಕ್ಕಿತು. ಮಿಕ್ಕಿದ್ದನ್ನು ಅವನ ಮೂಗಿನೆದುರು ಆಡಿಸಿದಳು. “ನಕ್ಷೇಲಿ ನೆಟ್ಟಗೆ ಕಾಣೋ ದಾರೀಲಿ ಹೋಗಿದ್ರೆ ಇಷ್ಟು ಜಾಸ್ತಿ ಆಗ್ತಿತ್ತು. ಅಂತೂ ನಿಮ್ಮ ತಲೆ ಇವತ್ತು ಉಪಯೋಗಕ್ಕೆ ಬಂತು.”

ಅಣ್ಣ ನೆತ್ತಿ ಸವರಿಕೊಂಡ. ಮುಖ ಅರಳಿತು. “ಅಯ್ಯೋ ಕಳ್ಳ! ಒಳದಾರಿ ಹಿಡಿದಿದ್ದಾನೆ ಕಣೇ!” ಅಲ್ಲಿಂದ ಪಕ್ಕದವರಿಗೆ, ಹಿಂದಿನವರಿಗೆ, ಟಾಯ್ಲೆಟ್ಟಿಗೆ ಸಾಲು ನಿಂತವರಿಗೆಲ್ಲ ತಲೆ ಬಗ್ಗಿಸಿ ತೋರಿಸಿದ್ದೇ ತೋರಿಸಿದ್ದು.

ಆಸ್ಪತ್ರೆ ತಲುಪುವಾಗ ಮಗಳ ಗಾಲಿಮಂಚ ಆಗಲೇ ಹೊರಟಿತ್ತು. ಅಪ್ಪ ಏದುಸಿರು ಬಿಡುತ್ತಾ ಓಡಿ ಅವಳ ಕೈ ಹಿಡಿದ.

“ಬಂದ್ಯಾ ಅಪ್ಪಾ?”

“ಬಂದೆ ಪುಟ್ಟಾ.”

“ಇಲ್ಲಿಂದ ಮುಂದೆ ನೀವು ಬರೋ ಹಾಗಿಲ್ಲ” ಎಂದಳು ನರ್ಸ್.

“ಆಯ್ತಮ್ಮ, ಇಲ್ಲೇ ಕೂತಿರ್ತೀನಿ. ಹೋಗಿ ಬಾ ಮಗಳೇ” ಎನ್ನುತ್ತಲೇ ಅವನು ಮಂಚದ ಜೊತೆ ಹೆಜ್ಜೆ ಹಾಕುತ್ತಿದ್ದ.

ಮಗಳು ಅಳುವಿನ ನಡುವೆಯೇ ನಕ್ಕಳು. “ಕೈ ಬಿಡಪ್ಪಾ, ಇಲ್ಲಾಂದ್ರೆ ನಿನಗೂ ಆಪರೇಷನ್ ಮಾಡ್ಬಿಡ್ತಾರೆ.”